ಹಣ್ಣು ಬಂದ್: ಒಂದು ಚೀಟಿಯ ಹಿಂದಿನ ಚರಿತ್ರೆ

ಕುರುಗೋಡಿನ ಹತ್ತಿರ ನಮ್ಮ ಸೋದರಮಾವನದು ಮುಕ್ಕಾಲು ಎಕರೆ ಅಂಜೂರದ ತೋಟ. ಅಂಜೂರವನ್ನು ಬೆಳಕು ಹರಿಯುವ ಮೊದಲೇ ಕೀಳಬೇಕು. ಬಿಸಿಲು ಏರಿದರೆ ಹಣ್ಣು ಮೆತ್ತಗಾಗಿ ಬಳ್ಳಾರಿಯ ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಒಡೆದಿರುತ್ತದೆ. ತೊಟ್ಟು ಮುರಿದಾಗ ಒಸರುವ ಹಾಲು ಬೆರಳಿಗೆ ತಗುಲಿ ದಿನವಿಡೀ ತುರಿಸುತ್ತದೆ. ಸುಗ್ಗಿ ಬಂದರೆ ಸಿರುಗುಪ್ಪದಿಂದ ನಮ್ಮ ಅಜ್ಜಿ ಮಗನ ತೋಟಕ್ಕೆ ಬಂದು ಹದಿನೈದು ದಿನ ಕೂಡುತ್ತಿದ್ದಳು. ಕಿತ್ತ ಹಣ್ಣು ಆರಿಸುವುದು ಅವಳ ಕೆಲಸ. ಗಟ್ಟಿ ಇದ್ದದ್ದು ಪೆಟ್ಟಿಗೆಗೆ, ಬಿರಿದದ್ದು ಮಕ್ಕಳಿಗೆ, ಹಕ್ಕಿ ಕಚ್ಚಿದ್ದು ಆಕಳಿಗೆ. ಒಂದೇ ಒಂದನ್ನೂ ತನ್ನ ಬಾಯಿಗೆ ಹಾಕಿಕೊಂಡವಳಲ್ಲ. ಒಂಬತ್ತು ವರ್ಷ ಹೀಗೇ ನಡೆಯಿತು.

ಅದಕ್ಕೆ ಕಾರಣ ಒಂದು ಚೀಟಿ. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ಆಸ್ಪತ್ರೆಯೊಂದರಲ್ಲಿ ಕೊಟ್ಟದ್ದು. ಸಕ್ಕರೆ, ಬೆಲ್ಲ, ಸಿಹಿತಿಂಡಿ, ಆಲೂಗಡ್ಡೆ, ಹಣ್ಣು, ಇಷ್ಟರ ಮುಂದೆ ‘ಬೇಡ’ ಎಂದು ಅಚ್ಚಾಗಿತ್ತು. ‘ಹಣ್ಣು’ ಎಂಬಲ್ಲಿ ಪೆನ್ನಿನಿಂದ ಎರಡು ಗೆರೆ ಬೇರೆ ಎಳೆದಿದ್ದರು. ಓದಲು ಬಾರದ ಅಜ್ಜಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ದೇವರ ಫೋಟೋದ ಹಿಂದೆ ಸಿಕ್ಕಿಸಿದ್ದಳು. ಯಾರಾದರೂ ಬಲವಂತ ಮಾಡಿದರೆ, “ಡಾಕ್ಟ್ರು ಹಣ್ಣು ಬಂದ್ ಮಾಡ್ಯಾರ” ಅನ್ನುತ್ತಿದ್ದಳು.

ಕೊನೆಯ ಬೇಸಿಗೆಯಲ್ಲಿ ಒಮ್ಮೆ ಮಾತ್ರ ನನ್ನ ಕಡೆ ಕೈ ಚಾಚಿ, “ಒಂದು ಕೊಡವ್ವ, ಒಂದ ಒಂದು” ಎಂದಳು. ಮನೆಯಲ್ಲಿ ಹೆಚ್ಚು ಓದಿದವಳು ನಾನು. ಆ ಧಿಮಾಕಿನಲ್ಲೇ, “ಬ್ಯಾಡಜ್ಜಿ, ಸಕ್ಕರಿ ಏರ್ತೈತಿ” ಎಂದು ಬುಟ್ಟಿಯನ್ನು ಅತ್ತ ಸರಿಸಿದೆ. ಅದೇ ಮಧ್ಯಾಹ್ನ ಸೋನಾ ಮಸೂರಿ ಅನ್ನವನ್ನು ಅವಳ ತಾಟಿನ ತುಂಬ ಬಡಿಸಿದವಳೂ ನಾನೇ. ಎರಡನೆಯ ಸಲ ಬಡಿಸುವಾಗಲೂ ನನಗೇನೂ ಅನ್ನಿಸಲಿಲ್ಲ.

ಅಜ್ಜಿ ಹೋಗಿ ಮೂರು ವರ್ಷವಾಯಿತು. ಕಳೆದ ವರ್ಷ ಅವ್ವನಿಗೂ ಅದೇ ಕಾಯಿಲೆ ಕಾಣಿಸಿಕೊಂಡಿತು. ಬೇರೆ ಊರು, ಬೇರೆ ಆಸ್ಪತ್ರೆ. ಕೈಗೆ ಬಂದದ್ದು ಮಾತ್ರ ಹೆಚ್ಚುಕಡಿಮೆ ಅದೇ ಚೀಟಿ. ನನ್ನ ಪಿಎಚ್‌ಡಿ ವಿಷಯ ಬಳ್ಳಾರಿ ಸೀಮೆಯ ಆಹಾರದ ಚರಿತ್ರೆ. ಊರಿನ ಬರದ ಕಾಗದ, ಕಾಲುವೆಯ ಕಾಗದಗಳನ್ನೆಲ್ಲ ಹುಡುಕುವ ನಾನು ಈ ಚೀಟಿ ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿರಲಿಲ್ಲ. ಹಣ್ಣಿನ ಮೇಲೆ ಈ ಅನುಮಾನ ಯಾವಾಗ ಹುಟ್ಟಿತು? ಅನ್ನದ ಹೆಸರು ಪಟ್ಟಿಯಿಂದ ಹೇಗೆ ತಪ್ಪಿಸಿಕೊಂಡಿತು?

*

ಹಳೆಯದರಿಂದಲೇ ಶುರುಮಾಡುತ್ತೇನೆ. ನಮ್ಮ ವೈದ್ಯಗ್ರಂಥಗಳಿಗೆ ಈ ಕಾಯಿಲೆ ಹೊಸದಲ್ಲ. ಚರಕ, ಸುಶ್ರುತ ಇಬ್ಬರೂ ಪ್ರಮೇಹದಲ್ಲಿ ಇಪ್ಪತ್ತು ಬಗೆ ಹೇಳುತ್ತಾರೆ. ಅದರಲ್ಲಿ ಮೂತ್ರ ಜೇನಿನಂತಾಗುವುದು ಮಧುಮೇಹ. ಚರಕಸಂಹಿತೆ ಹೇಳುವ ಕಾರಣಗಳ ಪಟ್ಟಿ ಓದಿದಾಗ ನಾನು ಕುಳಿತಲ್ಲೇ ಸ್ವಲ್ಪ ನೆಟ್ಟಗಾದೆ. ಸುಖವಾಗಿ ಕೂತಿರುವುದು, ಸುಖವಾಗಿ ಮಲಗಿರುವುದು, ಮೊಸರು, ಹಾಲು, ಮಾಂಸ, ಹೊಸ ಧಾನ್ಯದ ಅನ್ನ, ಬೆಲ್ಲದಿಂದ ಮಾಡಿದ ತಿನಿಸು. ಹಣ್ಣಿನ ಹೆಸರು ಆ ಪಟ್ಟಿಯಲ್ಲಿಲ್ಲ. ರೋಗಿಗೆ ಮುಖ್ಯ ಆಹಾರವೆಂದು ಚರಕ ಸೂಚಿಸುವುದು ಜವೆಗೋಧಿಯನ್ನು.

ಸುಶ್ರುತನ ಮಾತು ಇನ್ನೂ ಸ್ವಾರಸ್ಯದ್ದು. ಹುಟ್ಟಿನಿಂದ ಬರುವ ಪ್ರಮೇಹ ಬೇರೆ, ತಪ್ಪು ಆಹಾರದಿಂದ ಬರುವುದು ಬೇರೆ ಎಂದು ಅವನು ಆಗಲೇ ಗುರುತಿಸುತ್ತಾನೆ. ಚಿಕಿತ್ಸೆಯಲ್ಲಿ ರೋಗಿಯ ಸ್ಥಿತಿಗತಿ ನೋಡಿ ದಾರಿ ಹೇಳುತ್ತಾನೆ. ಹಣವೂ ಬಂಧುಗಳೂ ಇಲ್ಲದವನು ಚಪ್ಪಲಿ, ಕೊಡೆ ಬಿಟ್ಟು, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ, ಬೇಡಿ ಉಣ್ಣುತ್ತ ನೂರು ಯೋಜನ ನಡೆಯಬೇಕು. ದುಡಿಯುವವನು ಉಳಬೇಕು, ಇಲ್ಲವೇ ಬಾವಿ ತೋಡಬೇಕು. ಸಿರಿವಂತನಾದರೆ ಸಾಮೆಯಂಥ ಕಿರುಧಾನ್ಯ, ಕಾಡುಭತ್ತ ಉಂಡು, ನೆಲ್ಲಿ, ಬೇಲ, ತುಮರಿಯಂಥ ಹಣ್ಣು ತಿನ್ನುತ್ತ ಜಿಂಕೆಗಳ ಜೊತೆ ಕಾಡಿನಲ್ಲಿರಬೇಕು. ಅಂದರೆ ಮಧುಮೇಹಿಗೆ ಹಣ್ಣು ಕೊಡುವುದು ಇಲ್ಲಿ ಚಿಕಿತ್ಸೆಯ ಒಂದು ಭಾಗ.

ಹಳೆಯದೆಲ್ಲ ಸರಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಸುಶ್ರುತ ಹೇಳಿದ ಹಣ್ಣುಗಳು ಒಗರು, ಹುಳಿ, ನಾರು. ಅವು ನಮ್ಮ ಪೆಟ್ಟಿಗೆಯ ಹಣ್ಣುಗಳಲ್ಲ. ಇನ್ಸುಲಿನ್ ಬೇಕಾದ ಮಗುವನ್ನು ಬಾವಿ ತೋಡುವುದು ಉಳಿಸಲಾರದು. ನಾನು ಹೇಳುವುದು ಇಷ್ಟೇ: ಮಧುಮೇಹ ಎಂದೊಡನೆ ಹಣ್ಣು ನಿಷಿದ್ಧ ಎಂಬ ನಂಬಿಕೆ ನಮ್ಮ ಅಜ್ಜಿಯರ ಕಾಲದಿಂದ ಬಂದದ್ದಲ್ಲ. ಅದು ಹೊರಗಿನಿಂದ ಬಂತು, ಅದೂ ತಡವಾಗಿ.

*

1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಇಂಗಿಸಿ, ಉಳಿದ ಗಸಿ ಸಕ್ಕರೆಯೇ ಎಂದು ತೋರಿಸಿದ. ಸಕ್ಕರೆ ಹೊರಗೆ ಹೋಗುತ್ತಿದೆಯೆಂದರೆ ಒಳಗೆ ಹೋಗುವುದನ್ನು ತಡೆಯಬೇಕೆಂಬುದು ಮುಂದಿನ ಸಹಜ ತರ್ಕ. 1797ರಲ್ಲಿ ಜಾನ್ ರೋಲೋ ಎಂಬ ಸೇನಾವೈದ್ಯ ಮಾಂಸ, ಕೊಬ್ಬಿನ ಪಥ್ಯವನ್ನು ಪ್ರಕಟಿಸಿದ. ನೂರು ವರ್ಷ ಯುರೋಪು ಈ ದಾರಿಯಲ್ಲೇ ನಡೆಯಿತು. ಇದರ ತುದಿ ನ್ಯೂಯಾರ್ಕಿನ ಫ್ರೆಡರಿಕ್ ಅಲೆನ್. 1910ರ ದಶಕದಲ್ಲಿ ಅವನು ರೋಗಿಗಳನ್ನು ಉಪವಾಸ ಕೆಡವಿ, ಮೂತ್ರದಲ್ಲಿ ಸಕ್ಕರೆ ನಿಂತ ಮೇಲೆ ಗ್ರಾಮು ಲೆಕ್ಕದಲ್ಲಿ ಊಟ ಕೊಡುತ್ತಿದ್ದ. ಆ ಕಾಲದಲ್ಲಿ ತರಕಾರಿಯನ್ನೂ ಮೂರು ಸಲ ಬೇಯಿಸಿ ನೀರು ಚೆಲ್ಲಿ, ಅದರ ಪಿಷ್ಟ ತೆಗೆದು ರೋಗಿಗೆ ಕೊಡುತ್ತಿದ್ದರು. ಮಕ್ಕಳು ಎಲುಬಿನ ಗೂಡಾಗಿ ಬದುಕುತ್ತಿದ್ದವು. ಆದರೂ ಒಂದೆರಡು ವರ್ಷ ಹೆಚ್ಚು ಬದುಕುತ್ತಿದ್ದವು. ಕ್ರೌರ್ಯದಂತೆ ಕಾಣುವ ಈ ಪಥ್ಯ ಆ ಕಾಲಕ್ಕೆ ಇದ್ದ ಒಂದೇ ಕರುಣೆ.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಉಪವಾಸದ ಯುಗ ಮುಗಿಯಿತು, ಅದರ ಅಂಜಿಕೆ ಮಾತ್ರ ಉಳಿಯಿತು. ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ ಹಣ್ಣು, ತರಕಾರಿಗಳನ್ನು ಅವುಗಳಲ್ಲಿರುವ ಪಿಷ್ಟ, ಸಕ್ಕರೆಯ ಪ್ರಮಾಣದಂತೆ ಶೇ. 5, 10, 15, 20 ಎಂದು ಗುಂಪು ಮಾಡಿ ಕೋಷ್ಟಕ ಹಾಕಿದ್ದ. 1950ರಲ್ಲಿ ಅಮೆರಿಕದ ಮಧುಮೇಹ ಸಂಘ ಮತ್ತು ಆಹಾರತಜ್ಞರ ಸಂಘ ಸರ್ಕಾರದ ಆರೋಗ್ಯ ಇಲಾಖೆಯ ಜೊತೆ ಸೇರಿ ‘ಬದಲಿ ಪಟ್ಟಿ’ ತಂದವು. ಒಂದು ಚೂರು ಬ್ರೆಡ್ ಬಿಟ್ಟರೆ ಅದರ ಬದಲು ಏನು ತಿನ್ನಬಹುದು, ಒಂದು ಸೇಬಿನ ಬದಲು ಯಾವ ಹಣ್ಣು ಎಷ್ಟು ಎಂಬ ಲೆಕ್ಕ ಅದು. ಗಮನಿಸಿ, ಅಲ್ಲಿ ಹಣ್ಣಿಗೊಂದು ಜಾಗವಿತ್ತು. ಅಳತೆಯಿತ್ತು, ನಿಷೇಧವಿರಲಿಲ್ಲ.

ನಮ್ಮಲ್ಲಿ ಅಳತೆಯ ಕೆಲಸ ಕೂನೂರಿನಲ್ಲಿ ನಡೆಯಿತು. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ಅಧ್ಯಯನಕ್ಕೆಂದು ಶುರುಮಾಡಿದ ಒಂದು ಕೋಣೆಯ ಘಟಕ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಅಲ್ಲಿ ನಿರ್ದೇಶಕನಾಗಿದ್ದ ಆಯ್ಕ್ರಾಯ್ಡ್ 1937ರಲ್ಲಿ ಭಾರತದ ಆಹಾರಗಳ ಪೋಷಕಾಂಶದ ಪುಸ್ತಿಕೆ ತಂದ. ಆಗ ಬಳ್ಳಾರಿಯೂ ಕೂನೂರೂ ಮದ್ರಾಸ್ ಪ್ರಾಂತದಲ್ಲೇ ಇದ್ದವು. ಅಂದರೆ ಜೋಳದಲ್ಲೇನಿದೆ, ಅಕ್ಕಿಯಲ್ಲೇನಿದೆ ಎಂಬುದನ್ನು ನಮ್ಮದೇ ಪ್ರಾಂತದ ಬೆಟ್ಟದ ಮೇಲೆ ಕೂತು ಅಳೆದು ಬರೆದಿಟ್ಟಿದ್ದರು.

ಇಷ್ಟೆಲ್ಲ ಇದ್ದೂ ನಮ್ಮ ಚೀಟಿಗೆ ಬಂದದ್ದು ಅಳತೆ ಇಲ್ಲದ ಒಂದೇ ಪದ. ಏಕೆ ಹೀಗಾಯಿತೆಂದು ಊಹಿಸುವುದು ಕಷ್ಟವಲ್ಲ. ಹೊರರೋಗಿ ವಿಭಾಗದ ಸಾಲು ಬಾಗಿಲಾಚೆಗೂ ಇರುತ್ತದೆ. ಒಬ್ಬರಿಗೆ ಎರಡು ನಿಮಿಷ. ಅಷ್ಟರಲ್ಲಿ ‘ಯಾವ ಹಣ್ಣು, ಎಷ್ಟು, ಯಾವಾಗ, ಏನು ಬಿಟ್ಟು’ ಎಂದು ವಿವರಿಸುವುದಕ್ಕಿಂತ ‘ಬೇಡ’ ಎನ್ನುವುದು ಸುಲಭ. ರೋಗಿಗೂ ‘ಬೇಡ’ ಬೇಗ ಅರ್ಥವಾಗುತ್ತದೆ. ಸಿಹಿ ತಿಂದರೆ ಸಿಹಿಮೂತ್ರ ಎಂಬ ನಾಲಗೆಯ ತರ್ಕವೂ ಜೊತೆಗೂಡುತ್ತದೆ. ಅಂಜೂರ ಸಿಹಿ, ಆದ್ದರಿಂದ ಅಪರಾಧಿ. ಅನ್ನ ಸಪ್ಪೆ, ಆದ್ದರಿಂದ ನಿರಪರಾಧಿ.

*

ಇನ್ನು ಅನ್ನದ ವಿಷಯ. ಇಲ್ಲಿ ನನ್ನ ಸೀಮೆಯ ಚರಿತ್ರೆ ಮಾತಾಡುತ್ತದೆ.

ಬಳ್ಳಾರಿ ನಗರದ ಅಂಚಿನಲ್ಲೇ ಸಂಗನಕಲ್ಲು ಗುಡ್ಡಗಳಿವೆ. ನಾಲ್ಕು ಸಾವಿರ ವರ್ಷದ ಹಿಂದಿನ ಅಲ್ಲಿನ ನವಶಿಲಾಯುಗದ ಮಣ್ಣನ್ನು ಜಾಲಾಡಿ, ಸುಟ್ಟ ಕಾಳುಗಳನ್ನು ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದವರು ಗುರುತಿಸಿದ್ದಾರೆ. ಮುಖ್ಯವಾಗಿ ಸಿಕ್ಕಿದ್ದು ಹುರುಳಿ, ಹೆಸರು, ಕಿರುಧಾನ್ಯ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅಗೆದ ನೆಲೆಯಲ್ಲೂ ಹುರುಳಿ ಸಿಕ್ಕಿದೆ. ನಮ್ಮ ನೆಲದ ಮೊದಲ ಅಡುಗೆ ಹೆಚ್ಚುಕಡಿಮೆ ಹುರುಳಿ ಕಟ್ಟು ಮತ್ತು ನುಚ್ಚು.

ವಿಜಯನಗರದ ಕಾಲಕ್ಕೆ ತುಂಗಭದ್ರೆಗೆ ಅಣೆಕಟ್ಟು ಹಾಕಿ ಕಾಲುವೆ ತೆಗೆದರು. ಸಿರುಗುಪ್ಪ, ದೇಶನೂರು ಕಾಲುವೆಗಳು ಆ ವ್ಯವಸ್ಥೆಯ ಭಾಗ. ಅಲ್ಲಿ ಭತ್ತ ಬೆಳೆಯಿತು, ನದಿಯ ಅಂಚಿನ ಪಟ್ಟಿಯಲ್ಲಿ ಮಾತ್ರ. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ರಾಜಧಾನಿಯ ಪೇಟೆಯಲ್ಲಿ ದ್ರಾಕ್ಷಿ, ಕಿತ್ತಳೆ, ನಿಂಬೆ, ದಾಳಿಂಬೆ, ಹಲಸು, ಮಾವು ಅಗ್ಗವಾಗಿ ಸಿಗುತ್ತಿದ್ದವೆಂದು ಬರೆದಿದ್ದಾನೆ. ಆ ಬರಹವನ್ನು ರಾಬರ್ಟ್ ಸೆವೆಲ್ 1900ರ ತನ್ನ ಪುಸ್ತಕದಲ್ಲಿ ಇಂಗ್ಲಿಷಿಗೆ ತಂದ. ಹಣ್ಣಿನ ಅಂಗಡಿ ನಮಗೆ ಐಷಾರಾಮದ ಹೊಸ ಆಮದಲ್ಲ.

‘ಅಂಜೂರ’ ಎಂಬ ಪದ ಪಾರಸಿಯ ‘ಅಂಜೀರ್’ನಿಂದ ಬಂದದ್ದು. ಅದರ ನೆಂಟ ಅತ್ತಿಹಣ್ಣು ಮಾತ್ರ ಇಲ್ಲಿಯದೇ. ಪೇರಲ, ಸೀತಾಫಲ, ಪರಂಗಿ, ಸಪೋಟ ಇವೆಲ್ಲ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಬಂದವುಗಳೆಲ್ಲ ಈ ಕಲ್ಲುಗುಡ್ಡಗಳ ಬಿಸಿಲಿಗೆ ಹೊಂದಿಕೊಂಡವು. ‘ನಮ್ಮೂರಾಗ ಎರಡ ಕಾಲ, ಬ್ಯಾಸಗಿ ಮತ್ತ ಕಡುಬ್ಯಾಸಗಿ’ ಎಂದು ನಗುವ ಊರಿನಲ್ಲಿ ಒಳ್ಳೆಯ ಅಂಜೂರ ಬೆಳೆಯುತ್ತದೆ. ದೇಶದಲ್ಲಿ ಅಂಜೂರ ವಾಣಿಜ್ಯ ಬೆಳೆಯಾಗಿರುವ ಕೆಲವೇ ಸೀಮೆಗಳಲ್ಲಿ ಬಳ್ಳಾರಿಯೂ ಒಂದು.

ಆದರೆ ತಾಟಿನಲ್ಲಿ ಆಳಿದ್ದು ಜೋಳ ಮತ್ತು ನವಣೆ. 1872ರಲ್ಲಿ ಕೆಲ್ಸಾಲ್ ಬರೆದ ಜಿಲ್ಲಾ ಕೈಪಿಡಿ ಇರಲಿ, 1904ರ ಫ್ರಾನ್ಸಿಸ್‌ನ ಗೆಜೆಟಿಯರ್ ಇರಲಿ, ಬಳ್ಳಾರಿಯ ಬಡವರ ಊಟವೆಂದರೆ ಇವೆರಡೇ. ಆ ಎರಡು ಪುಸ್ತಕಗಳ ನಡುವೆ 1876-78ರ ಮಹಾಕ್ಷಾಮ ಬಂತು. ಜನರ ಬಾಯಲ್ಲಿ ಅದು ಧಾತು ಬರ. ಮದ್ರಾಸ್ ಪ್ರಾಂತದಲ್ಲಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಂಗಾಳದ ಅಕ್ಕಿ ಹಡಗಿನಲ್ಲಿ ಮದ್ರಾಸಿಗೆ ಬಂದು ಇಳಿಯಿತು. ದಿನವಿಡೀ ಕಲ್ಲು ಒಡೆಯುವ ಕೂಲಿಗೆ ಒಂದು ಪೌಂಡ್ ಧಾನ್ಯ ಸಾಕೆಂದು ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಸಾಲದೆಂದು ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಶ್ ಜಗಳವಾಡಿದ. ಹಸಿವಿನ ಈ ನೆನಪು ನಮ್ಮ ಮನೆಗಳಲ್ಲಿ ಕಥೆಯಾಗಿ ಉಳಿಯಲಿಲ್ಲ. ಅಭ್ಯಾಸವಾಗಿ ಉಳಿಯಿತು: ತಾಟಿನಲ್ಲಿ ಅಗುಳು ಬಿಡಬಾರದು, ಬಂದವರಿಗೆ ಎರಡನೆಯ ಸಲ ಬಡಿಸದೆ ಕಳಿಸಬಾರದು.

1953 ಎರಡು ಕಾರಣಕ್ಕೆ ನಮ್ಮ ವರ್ಷ. ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅದೇ ವರ್ಷ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರು. ಬರದಿಂದ ಕಾಪಾಡಲೆಂದು ಕಟ್ಟಿದ ಯೋಜನೆಯದು. ಒಣಬೇಸಾಯದ ಬೆಳೆಗೆ ಆಸರೆಯಾಗಬೇಕಿದ್ದ ನೀರು ಕಾಲುವೆಯ ಮೊದಲ ಭಾಗದಲ್ಲೇ ಭತ್ತದ ಗದ್ದೆಗಳಲ್ಲಿ ನಿಂತಿತು. ಸಿರುಗುಪ್ಪ ಭತ್ತದ ಕಣಜವಾಯಿತು, ಅಕ್ಕಿ ಗಿರಣಿಗಳ ಊರಾಯಿತು.

ಅಜ್ಜಿ ಸಿರುಗುಪ್ಪಕ್ಕೆ ಸೊಸೆಯಾಗಿ ಬಂದದ್ದು ಇದಾದ ಹತ್ತು ಹನ್ನೆರಡು ವರ್ಷಕ್ಕೆ. ತವರಿನಲ್ಲಿ ಅನ್ನವೆಂದರೆ ಯುಗಾದಿ, ದೀಪಾವಳಿ. ಇಲ್ಲಿ ದಿನಾ ಹಬ್ಬ. ನಾನು ಬಿ.ಎ. ಓದುವಾಗ ಅವಳ ಮಾತು ಬರೆದುಕೊಂಡಿದ್ದೆ: “ನಮ್ಮವ್ವ ಸಾಯೋಮಟ ರೊಟ್ಟಿ ಬಡದಳು. ನಾ ಅನ್ನ ಉಂಡೆ.” ಆ ಮಾತಿನಲ್ಲಿ ಒಂದು ತಲೆಮಾರಿನ ಗೆಲುವು ಇದೆ. ಅನ್ನ ಅವಳಿಗೆ ಬರೀ ಪಿಷ್ಟವಲ್ಲ. 2013ರಲ್ಲಿ ಅನ್ನಭಾಗ್ಯ ಬಂದಾಗ ಅವಳು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಅಂಥವಳಿಗೆ ಯಾವ ವೈದ್ಯರು ತಾನೇ ‘ಅನ್ನ ಬಂದ್’ ಎಂದು ಬರೆಯಬಲ್ಲರು? ಹಣ್ಣನ್ನು ಬಿಡಿಸುವುದು ಸುಲಭ. ಅದು ಹೇಗೂ ಮಾರುವ ವಸ್ತು, ಮಕ್ಕಳ ವಸ್ತು, ಕಾಯಿಲೆಯವರನ್ನು ನೋಡಲು ಹೋಗುವಾಗ ಕೊಳ್ಳುವ ವಸ್ತು.

*

ಈಗಿನ ವಿಜ್ಞಾನ ಏನು ಹೇಳುತ್ತದೆ? 2013ರಲ್ಲಿ ಡೆನ್ಮಾರ್ಕಿನಲ್ಲಿ ಹೊಸದಾಗಿ ಎರಡನೆಯ ಬಗೆಯ ಮಧುಮೇಹ ಪತ್ತೆಯಾದ 63 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಎರಡಾದರೂ ಹಣ್ಣು ತಿನ್ನಿ ಎಂದರು, ಇನ್ನೊಂದಕ್ಕೆ ಎರಡನ್ನು ಮೀರಬೇಡಿ ಎಂದರು. ಹನ್ನೆರಡು ವಾರದ ನಂತರ ಎರಡೂ ಗುಂಪಿನಲ್ಲಿ ಮೂರು ತಿಂಗಳ ಸಕ್ಕರೆ ಸರಾಸರಿ ಇಳಿದಿತ್ತು, ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಹಣ್ಣು ಕಡಿಮೆ ಮಾಡಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ. 2017ರಲ್ಲಿ ಚೀನಾದ ಸುಮಾರು ಐದು ಲಕ್ಷ ಜನರ ಅಧ್ಯಯನ ಬಂತು. ದಿನಾ ತಾಜಾ ಹಣ್ಣು ತಿನ್ನುವವರಲ್ಲಿ ಮಧುಮೇಹ ಬರುವ ಸಂಭವ ಕಡಿಮೆ ಕಂಡಿತು. ಮಧುಮೇಹ ಇದ್ದವರಲ್ಲೂ ಹಣ್ಣು ತಿನ್ನುವವರ ಸಾವಿನ ಪ್ರಮಾಣ ಕಡಿಮೆಯಿತ್ತು. ಇಂಥ ಅಧ್ಯಯನಗಳು ಸಂಬಂಧ ತೋರಿಸುತ್ತವೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಹಣ್ಣು ಕೊಳ್ಳುವ ಶಕ್ತಿ ಇದ್ದವರಿಗೆ ಬೇರೆ ಅನುಕೂಲಗಳೂ ಇರುತ್ತವೆ. ಆದರೂ ‘ಹಣ್ಣು ವಿಷ’ ಎಂಬ ಮಾತಿಗೆ ಇಲ್ಲಿ ಯಾವ ಆಧಾರವೂ ಸಿಗುವುದಿಲ್ಲ.

ಅಕ್ಕಿಯ ಬಗ್ಗೆ ಮಾತು ಬೇರೆ. 2020ರಲ್ಲಿ ಪ್ರಕಟವಾದ, 21 ದೇಶಗಳ 1,32,373 ಜನರ ಅಧ್ಯಯನದಲ್ಲಿ ಬಿಳಿ ಅಕ್ಕಿ ಹೆಚ್ಚು ಉಣ್ಣುವುದಕ್ಕೂ ಮಧುಮೇಹಕ್ಕೂ ಸಂಬಂಧ ಎದ್ದು ಕಂಡದ್ದು ದಕ್ಷಿಣ ಏಷ್ಯಾದಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿದಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ನಮ್ಮ ಕ್ಯಾಲೊರಿಯಲ್ಲಿ ಶೇ. 62ರಷ್ಟು ಬರುವುದು ಪಿಷ್ಟ, ಸಕ್ಕರೆಗಳಿಂದ ಎಂದು ಅದೇ ಸಮೀಕ್ಷೆಯ 2025ರ ವರದಿ ಹೇಳಿದೆ.

ಮನೆಯ ಲೆಕ್ಕವನ್ನೂ ಹಾಕಿದೆ. 100 ಗ್ರಾಂ ತಾಜಾ ಅಂಜೂರ ಎಂದರೆ ಎರಡು ಮಧ್ಯಮ ಹಣ್ಣು. ಅದರಲ್ಲಿ ಸುಮಾರು 19 ಗ್ರಾಂ ಪಿಷ್ಟ-ಸಕ್ಕರೆ, ಜೊತೆಗೆ 3 ಗ್ರಾಂ ನಾರು. ಉಳಿದದ್ದು ಬಹುಪಾಲು ನೀರು. ನಾನು ಅಜ್ಜಿಗೆ ಬಡಿಸುತ್ತಿದ್ದ ಅನ್ನ 300 ಗ್ರಾಂ ಎಂದರೆ 84 ಗ್ರಾಂ ಪಿಷ್ಟ. ಹೆಚ್ಚುಕಡಿಮೆ ಒಂಬತ್ತು ಅಂಜೂರದಷ್ಟು. ಒಂದು ಹಣ್ಣಿಗೆ ಬುಟ್ಟಿ ಸರಿಸಿದವಳು ಒಂಬತ್ತು ಹಣ್ಣಿನಷ್ಟನ್ನು ಪ್ರೀತಿಯಿಂದ ಬಡಿಸಿದ್ದೆ.

ಅವ್ವನ ವಿಷಯದಲ್ಲಿ ಅದನ್ನೇ ಮಾಡಬಾರದೆಂದು ಗ್ಲುಕೋಮೀಟರ್ ತಂದೆ. ಬೇರೊಬ್ಬ ವೈದ್ಯರನ್ನು ಕಂಡು, ಅವರನ್ನು ಕೇಳಿಯೇ ಈ ಪ್ರಯೋಗ ಮಾಡಿದೆವು. ಒಂದು ದಿನ ಎಂದಿನ ಅನ್ನ, ಸಾರು; ಊಟಕ್ಕೆ ಮುಂಚೆ 148, ಎರಡು ಗಂಟೆಯ ನಂತರ 246. ಇನ್ನೊಂದು ದಿನ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸೌತೆಕಾಯಿ, ಕೊನೆಗೆ ಎರಡು ಅಂಜೂರ. ಮುಂಚೆ 141, ನಂತರ 189. ಒಬ್ಬರ ಬೆರಳಿನ ಎರಡು ದಿನದ ರಕ್ತ ಅಧ್ಯಯನವಲ್ಲ, ನನಗೆ ಗೊತ್ತು. ಆದರೆ ಅವ್ವನಿಗೆ ಅದು ಸಾಕಾಯಿತು. ಅಂಕಿ ನೋಡಿ, “ಹಂಗಾರ ನಮ್ಮವ್ವಗ ಸುಮ್ನ ಬಿಡಿಸಿದ್ವೇನು?” ಎಂದಳು. ನಾನು ಉತ್ತರ ಕೊಡಲಿಲ್ಲ.

ಓದುವವರ ಮನೆಯಲ್ಲೂ ಇಂಥ ಚೀಟಿ ಇದ್ದೀತು. ಅದಕ್ಕಾಗಿ ಕೆಲವು ಮಾತು. ನಾನು ಹೇಳುತ್ತಿರುವುದು ಇಡೀ ತಾಜಾ ಹಣ್ಣಿನ ಬಗ್ಗೆ. ರಸ ಮಾಡಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಒಣ ಅಂಜೂರದಲ್ಲಿ ನೀರು ಇಂಗಿರುವುದರಿಂದ 100 ಗ್ರಾಮಿಗೆ ಸಕ್ಕರೆ 48 ಗ್ರಾಮಿನಷ್ಟು, ತಾಜಾದರಲ್ಲಿ 16. ಬುಟ್ಟಿ ಮುಂದಿಟ್ಟುಕೊಂಡು ತಿಂದರೆ ಯಾವ ಹಣ್ಣೂ ಸಕ್ಕರೆ ಏರಿಸುತ್ತದೆ. ಪೇರಲ, ನೇರಳೆಯಂಥವು ಹಗುರ. ಮಾವು, ಸಪೋಟ, ಬಾಳೆಗೆ ಕೈ ಬಿಗಿ ಬೇಕು. ತುಂಬಿದ ಅನ್ನದ ಮೇಲೆ ಹಣ್ಣು ಸೇರಿಸುವುದಲ್ಲ, ಅನ್ನ ತಗ್ಗಿಸಿ ಅದಕ್ಕೆ ಜಾಗ ಮಾಡುವುದು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಹಣ್ಣಿನ ಪೊಟ್ಯಾಸಿಯಂ ಆಗದಿರಬಹುದು. ಇನ್ಸುಲಿನ್, ಮಾತ್ರೆ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಆದರೆ ಕೇಳುವಾಗ ‘ತಿನ್ನಬಹುದಾ’ ಎಂದು ಕೇಳಬೇಡಿ. ‘ಎಷ್ಟು, ಯಾವುದರ ಬದಲಿಗೆ’ ಎಂದು ಕೇಳಿ. ‘ಬೇಡ’ ಎಂಬ ಒಂದೇ ಪದದಲ್ಲಿ ಉತ್ತರಿಸಲಾಗದ ಪ್ರಶ್ನೆ ಅದು.

ಇದರಲ್ಲಿ ದುಡ್ಡಿನ ಮಾತೂ ಇದೆ. ನಾಲ್ಕು ಜನರ ಮನೆಗೆ ದಿನಾ ಹಣ್ಣು ಕೊಳ್ಳುವುದು ಕೂಲಿಯವರಿಗೆ ಹಗುರವಲ್ಲ. ರೇಷನ್ ಅಕ್ಕಿ ಮನೆಯಲ್ಲಿ ಇದ್ದೇ ಇರುತ್ತದೆ. ಸಿರಿವಂತನಿಗೆ ಹಣ್ಣು, ಬಡವನಿಗೆ ನಡಿಗೆ ಎಂದ ಸುಶ್ರುತನಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ. ಆದರೆ ನಮ್ಮ ಅಜ್ಜಿ ಹಣ್ಣು ಕೊಳ್ಳಬೇಕಿರಲಿಲ್ಲ. ಅದು ಅವಳ ಮಡಿಲಲ್ಲೇ ಇತ್ತು.

ಈ ಸಲದ ಸುಗ್ಗಿಗೆ ಅವ್ವ ಕುರುಗೋಡಿಗೆ ಹೋಗಿದ್ದಳು. ಅಜ್ಜಿ ಕೂಡುತ್ತಿದ್ದ ಮರದ ಕೆಳಗೇ ಕೂತು ಹಣ್ಣು ಆರಿಸಿದಳು. ಗಟ್ಟಿ ಇದ್ದದ್ದು ಪೆಟ್ಟಿಗೆಗೆ, ಹಕ್ಕಿ ಕಚ್ಚಿದ್ದು ಆಕಳಿಗೆ. ಬಿರಿದದ್ದರಲ್ಲಿ ಎರಡನ್ನು ಸೆರಗಿಗೆ ಒರೆಸಿ ಪಕ್ಕಕ್ಕಿಟ್ಟುಕೊಂಡಳು. ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಒಂದನ್ನು ತಿಂದು, ಇನ್ನೊಂದನ್ನು ಮುರಿದು ಅರ್ಧ ನನ್ನ ಕೈಗಿಟ್ಟಳು. ಅಜ್ಜಿಯ ಚೀಟಿ ಈಗ ನನ್ನ ಥೀಸಿಸ್‌ನ ಫೈಲಿನಲ್ಲಿದೆ, ಬರದ ವರದಿಗಳ ಪ್ರತಿ ಮತ್ತು ಕಾಲುವೆಯ ನಕ್ಷೆಗಳ ನಡುವೆ.